ಟ್ರಂಕಿನ ತುಂಬ ಕುಬಸದ ಖಣ

ಅರಭಾವಿಯ ಸುಂದ್ರವ್ವನ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಅದರ ತುಂಬ ಕುಬಸದ ಖಣ. ಹಸಿರು, ಕೆಂಪು, ಅರಿಷಿಣ ಬಣ್ಣದವು, ಒಂದನ್ನೂ ಹೊಲಿಸಿಲ್ಲ. ಮೂವತ್ತು ವರ್ಷದಲ್ಲಿ ಆಕೆಯ ಬಲಗೈ ಗಳಿಸಿದ್ದು ಅಷ್ಟೇ, ಮತ್ತು ಅದು ಗಳಿಕೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ ಎನ್ನುವುದನ್ನು ಸುಂದ್ರವ್ವ ಕೈಯಿಟ್ಟು ಹೇಳುತ್ತಾಳೆ. ಬಲಪಕ್ಕೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ನಾಲ್ಕು ಉಸಿರಾಡುವಷ್ಟರಲ್ಲಿ ಎಷ್ಟು ತಿಂಗಳು ಎಂಬುದನ್ನೂ ಸೇರಿಸಿ ಹೇಳಿಬಿಡುತ್ತಾಳೆ. ಇದನ್ನು ಆಕೆ ಯಾರ ಹತ್ತಿರವೂ ಕಲಿತಿಲ್ಲ. ಹತ್ತು ವರ್ಷದ ಹುಡುಗಿಯಿದ್ದಾಗ ತವರಿನ ಎಮ್ಮೆಗೆ ಆತುಕೊಂಡು ನಿಂತವಳು, ‘ಒಳಗ ಯಾರೋ ಮಲಗ್ಯಾರ’ ಎಂದಿದ್ದಳಂತೆ. ಮನೆಯವರು ನಕ್ಕಿದ್ದರು. ಐದು ತಿಂಗಳಿಗೆ ಎಮ್ಮೆ ಈಯಿತು.

ಮದುವೆಯಾಗಿ ಅರಭಾವಿಗೆ ಬಂದ ಮೇಲೆ ಮೂಡಲಗಿಯ ದನದ ಸಂತೆಯಲ್ಲಿ ಈ ಕೈಗೆ ಕೆಲಸ ಹತ್ತಿತು. ದಲಾಲಿ ಕಲ್ಲಪ್ಪ ಸಂತೆಯ ದಿನ ಆಕೆಯನ್ನು ಕರೆಸಿಕೊಳ್ಳುವನು. ‘ಸುಂದ್ರವ್ವನ ಕೈ ಹೇಳೇತಿ’ ಎಂದರೆ ಮುಗಿಯಿತು, ಕೊಳ್ಳುವವನು ಎರಡನೇ ಮಾತಿಲ್ಲದೆ ಎಂಬತ್ತು ಸಾವಿರ ಎಣಿಸುವನು. ದಲಾಲಿಯ ರೊಕ್ಕ ಕಲ್ಲಪ್ಪನ ಜೇಬಿಗೆ. ಸುಂದ್ರವ್ವನಿಗೆ ಒಂದು ತೆಂಗಿನಕಾಯಿ, ಒಂದು ಖಣ, ಒಂದು ಚಹಾ. ಆಕೆ ಅದನ್ನು ಸೆರಗೊಡ್ಡಿ ಇಸಿದುಕೊಂಡು ಸಂತೋಷದಿಂದ ಮನೆಗೆ ಬರುವಳು. ಇಂಥ ಜಾಣೆಗೆ ಏನನ್ನಬೇಕೋ ನನಗೆ ತಿಳಿಯದು.

ಹೀಗಿರುವಾಗ ಒಂದು ಬೆಳಿಗ್ಗೆ ಹತ್ತರಗಿಯಿಂದ ಫೋನು ಬಂತು. ಹೆದ್ದಾರಿಯ ಬಾಜೂ ಹೊಸದಾಗಿ ಹಾಲಿನ ಡೇರಿ ಇಟ್ಟಿದ್ದ ಸೋಮಶೇಖರ ಎಂಬ ತರುಣ ಮಾತನಾಡಿದ.

“ಐದು ಗಬ್ಬದ ಎಮ್ಮಿ ಬೇಕಾಗ್ಯಾವ್ರಿ ಅಕ್ಕಾರ. ಹೋದ ಸಲ ಎರಡು ಗೊಡ್ಡೆಮ್ಮಿ ನನ್ನ ಕೊರಳಿಗೆ ಕಟ್ಟಿದ್ರು. ಈ ಸಂತಿಗೆ ನೀವ ಬಂದು ನೋಡಬೇಕು. ಒಂದ ಎಮ್ಮಿಗೆ ಕೈ ಇಡಾಕ ಎಷ್ಟ ತಗೋತೀರಿ?”

ಎಮ್ಮೆಗೆ ಎಷ್ಟು ಎಂದು ಎಲ್ಲರೂ ಕೇಳಿದ್ದರು, ಕೈಗೆ ಎಷ್ಟು ಎಂದು ಯಾರೂ ಕೇಳಿರಲಿಲ್ಲ. “ನಾಳೆ ಹೇಳ್ತೀನ್ರಿ” ಎಂದು ಸುಂದ್ರವ್ವ ಫೋನು ಇಟ್ಟುಬಿಟ್ಟಳು.

ಅಂದು ರೊಟ್ಟಿ ಹೊತ್ತಿದವು. ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು. ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ಓಡಾಡಿದಳು. ಊರಿನ ತೋಟಗಾರಿಕೆ ಕಾಲೇಜಿನ ಸಸಿಮಡಿಯಲ್ಲಿ ಕೂಲಿ ಮಾಡುವ ಗಂಡ ಅಲ್ಲಪ್ಪ ಊಟಕ್ಕೆ ಬಂದವನು ಉಪ್ಪಿನ ಪಲ್ಯ ನುಂಗುತ್ತ ಎಲ್ಲ ಕೇಳಿಕೊಂಡ.

“ಕೈ ಇಡಾಕ ಏನ ಖರ್ಚ ಐತಿ?” ಎಂದ. “ನಾಕ ಉಸಿರಿನ ಕೆಲಸ. ನಾ ಇಡೀ ದಿನ ಬಗ್ಗಿ ಸಸಿ ಹಚ್ಚತೇನಿ, ಅದಕ್ಕ ಪಗಾರ ಕೇಳೂದು ಖರೆ.”

ಆಕೆಗೂ ಹಾಗೇ ಅನಿಸುತ್ತಿತ್ತು. ಬೆವರು ಹರಿಸದ ಕೆಲಸಕ್ಕೆ ಯಾವ ಬಾಯಿಂದ ಕೇಳುವುದು? ಆದರೂ ಮನಸ್ಸು ತಡೆಯಲಿಲ್ಲ. ಮರುದಿನ ಗೋಕಾಕದ ಬಸ್ಸು ಹತ್ತಿ ಮಗಳು ಭಾಗ್ಯಾಳ ಮನೆಗೆ ಹೋದಳು.

ಭಾಗ್ಯಾ ಮದುಮಗಳಿಗೆ ಸೀರೆ ಉಡಿಸುವ ಕೆಲಸ ಮಾಡುತ್ತಾಳೆ. ಅವ್ವನ ಮಾತು ಕೇಳುತ್ತಲೇ ಒಂದು ರೇಷ್ಮೆ ಸೀರೆಯ ನಿರಿಗೆ ಹಿಡಿದು ಪಿನ್ನು ಚುಚ್ಚುತ್ತಿದ್ದಳು.

“ಹತ್ತು ನಿಮಿಷದಾಗ ಉಡಸ್ತೀನಿ, ಸಾವಿರ ತಗೋತೀನಿ. ಯಾರೂ ಗಡಿಯಾರ ನೋಡಂಗಿಲ್ಲ.”

“ನೀ ಆರು ತಿಂಗಳ ಕಲ್ತೀದಿ. ನಾ ಏನ ಕಲ್ತೇನಿ? ತಾನ ಬಂದದ್ದಕ್ಕ ಹ್ಯಾಂಗ ರೊಕ್ಕ ಕೇಳ್ಲಿ?”

“ತಾನ ಬಂದೈತಿ ಅಂದ್ರ ಬ್ಯಾರೇದವರಿಗೆ ಕಲ್ತರೂ ಬರಂಗಿಲ್ಲ ಅಂತ ಅರ್ಥ, ಅವ್ವಾ.”

ಕೊನೆಗೆ ಸುಂದ್ರವ್ವನ ಎದೆಯಲ್ಲಿದ್ದ ನಿಜವಾದ ಹೆದರಿಕೆ ಹೊರಬಂತು. “ರೊಕ್ಕ ಮುಟ್ಟಿದರ ಕೈಗುಣ ಹೋಗತೈತಿ.”

“ಯಾರ ಹೇಳಿದ್ರು?”

ಅಪ್ಪ ಹೇಳಿದ್ದ ಎನ್ನಲು ಬಾಯಿ ತೆರೆದಳು. ಅಪ್ಪ ಹೇಳಿರಲಿಲ್ಲ. ಅಜ್ಜಿಯೂ ಅಲ್ಲ, ಮಠದ ಸ್ವಾಮಿಗಳೂ ಅಲ್ಲ. ನೆನಪು ಮೂವತ್ತು ವರ್ಷ ಹಿಂದಕ್ಕೆ ಹೋಗಿ ಮೂಡಲಗಿ ಸಂತೆಯಲ್ಲಿ ನಿಂತಿತು. ಮೊದಲನೆಯ ಖಣ ಕೈಗಿಟ್ಟು, ತಲೆ ಸವರಿ, ‘ಇದು ದೇವರ ಕೊಟ್ಟ ಕೈ ಮಗಳ, ರೊಕ್ಕ ಮುಟ್ಟಿಸಬ್ಯಾಡ, ಹೋಗಿಬಿಡತೈತಿ’ ಎಂದವನು ಶಿದ್ಲಿಂಗಪ್ಪ. ಕಲ್ಲಪ್ಪನ ಅಪ್ಪ. ಅವನೂ ದಲಾಲಿ.

ಸುಂದ್ರವ್ವನ ಮೈ ಉರಿಯಿತು. ಅಷ್ಟು ಉರಿದರೂ ಹೆದರಿಕೆ ಮಾತ್ರ ಹೋಗಲಿಲ್ಲ. ಹೇಳಿದವನು ಕಳ್ಳನಾದರೂ ಮಾತು ಖರೆಯಿದ್ದರೆ? ಆ ಗಡಿಬಿಡಿಯಲ್ಲೇ ಸೋಮಶೇಖರನಿಗೆ ಫೋನು ಹಚ್ಚಿ, ಭಾಗ್ಯಾ ತಡೆಯುವ ಮೊದಲೇ, “ಎಮ್ಮಿಗೆ ನೂರು ರೂಪಾಯಿ ಕೊಡ್ರಿ, ಸಾಕು” ಎಂದುಬಿಟ್ಟಳು.

“ನೂರಽ ಏನ್ರಿ?” ಎಂದ ಸೋಮಶೇಖರ. ದನಿ ತಣ್ಣಗಾಗಿತ್ತು. “ನೋಡೋಣ್ರಿ. ಸಂತ್ಯಾಗ ಸಿಗೋಣು.”

ಭಾಗ್ಯಾ ತಲೆಯ ಮೇಲೆ ಕೈಯಿಟ್ಟುಕೊಂಡಳು. “ಎಂಬತ್ತು ಸಾವಿರದ ಎಮ್ಮಿ ಅವ್ವಾ ಅದು. ನೂರು ರೂಪಾಯಿ ಮಾತನ್ನ ಯಾಂವ ನಂಬತಾನ?”

ಸಂತೆಯ ದಿನದವರೆಗೆ ಸುಂದ್ರವ್ವ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೂತಲ್ಲಿ ಕೂರಲಾಗದೆ ಟ್ರಂಕು ತೆರೆದು ಖಣಗಳನ್ನು ಹೊರಗೆ ಹಾಕುವಳು, ಮತ್ತೆ ಮಡಚಿ ಒಳಗಿಡುವಳು. ಎಷ್ಟೋ ಖಣಗಳು ಮಡಿಕೆಯ ಗುಂಟ ಹರಿದಿದ್ದವು.

ಸಂತೆಯಲ್ಲಿ ಸೋಮಶೇಖರ ಸಿಕ್ಕ, ಆದರೆ ಆಕೆಯ ಹತ್ತಿರ ಬರಲಿಲ್ಲ. ಕಲ್ಲಪ್ಪನ ಜೋಡಿ ನಿಂತಿದ್ದ. ಮುಂದೆ ಸುರುಳಿ ಕೋಡಿನ, ಮಿಂಚುವ ಮೈಯ ಒಂದು ಎಮ್ಮೆ. ಹೊಟ್ಟೆ ದುಂಡಗಿತ್ತು. ಐದು ತಿಂಗಳ ಗಬ್ಬ ಎಂದು ಮಾರುವವನು ಆಣೆ ಮಾಡುತ್ತಿದ್ದ.

“ಬಾ ಸುಂದ್ರವ್ವ, ಕೈ ಇಟ್ಟು ಒಂದ ಮಾತ ಹೇಳಿಬಿಡು,” ಎಂದ ಕಲ್ಲಪ್ಪ, ನೀರು ಕೇಳಿದಷ್ಟು ಹಗುರಾಗಿ. ಅವನ ಚೀಲದಿಂದ ಹಸಿರು ಖಣದ ಅಂಚು ಇಣುಕುತ್ತಿತ್ತು.

ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಸುಂದ್ರವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಇವತ್ತು ಪುಕ್ಕಟೆ ಇಟ್ಟರೆ ಸಾಯುವತನಕ ಪುಕ್ಕಟೆ.

“ತಮ್ಮಾ,” ಎಂದಳು ಸೋಮಶೇಖರನಿಗೆ, “ಟವೆಲ್ ಹಿಡಿ.”

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಒತ್ತುತ್ತಾರೆ. ನೂರೋ ಸಾವಿರವೋ ಎಂದಷ್ಟೇ ಬಾಯಿಂದ ಹೇಳಿ, ಒಂದು ಬೆರಳಿಗೆ ಒಂದು ಎಂದು ಲೆಕ್ಕ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಆ ಟವೆಲ್ಲಿನ ಕೆಳಗೆ ಹೆಣ್ಣಿನ ಕೈ ಹೋದದ್ದನ್ನು ಮೂಡಲಗಿ ಸಂತೆ ಕಂಡಿರಲಿಲ್ಲ. ನಾಲ್ಕು ಜನ ನಕ್ಕರು. ಕಲ್ಲಪ್ಪ ನಗಲಿಲ್ಲ.

ಸೋಮಶೇಖರ ಹೆಗಲ ಟವೆಲ್ ತೆಗೆದು ಹೊದಿಸಿದ.

“ಸಾವಿರದಾಗ,” ಎಂದು ಸುಂದ್ರವ್ವ ಅವನ ಎರಡು ಬೆರಳು ಹಿಡಿದು ಒತ್ತಿದಳು. ಅವನು ಆಕೆಯ ಒಂದು ಬೆರಳು ಒತ್ತಿದ. ಆಕೆ ಮತ್ತೆ ಎರಡು. ಅವನು ಮತ್ತೆ ಒಂದು. ಆಕೆ ಎರಡನ್ನೇ ಹಿಡಿದು ಬಿಡದೆ ನಿಂತಳು. ಸೋಮಶೇಖರ ಆಕೆಯ ಮುಖ ನೋಡಿದ, ತನಗೆ ಕಟ್ಟಿದ್ದ ಎರಡು ಗೊಡ್ಡೆಮ್ಮೆ ನೆನಪಾಗಿರಬೇಕು.

“ಆತ್ರಿ,” ಎಂದ.

ಸುಂದ್ರವ್ವ ಎಮ್ಮೆಯ ಪಕ್ಕೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿದಳು. ಒಂದು ಉಸಿರು. ಎರಡು. ನಾಲ್ಕು. ಎಂಟು. ಒಳಗೆ ಏನೂ ಇಲ್ಲ.

ಎಮ್ಮೆಯ ಒಳಗೆ ಏನೂ ಇಲ್ಲವೋ, ತನ್ನ ಕೈಯೊಳಗೆ ಏನೂ ಇಲ್ಲವೋ? ಹೋಯಿತು, ಶಿದ್ಲಿಂಗಪ್ಪ ಹೇಳಿದ ಹಾಗೇ ಹೋಯಿತು, ಎರಡು ಬೆರಳು ಒತ್ತಿದ ಗಳಿಗೆಯಲ್ಲೇ ಹೋಯಿತು.

“ಏನಾತು?” ಎಂದ ಕಲ್ಲಪ್ಪ. ಆ ದನಿಯಲ್ಲಿ ಸಂತೋಷದ ಎಳೆಯೊಂದಿತ್ತು. ಅದೇ ಆಕೆಯನ್ನು ಕೆಣಕಿತು. ಯಾರಿಗೂ ಏನೂ ಹೇಳದೆ ಆಕೆ ದಾಪುಗಾಲು ಹಾಕುತ್ತ ಬೇವಿನ ಗಿಡದ ಕೆಳಗೆ ಕಟ್ಟಿದ್ದ, ಈಯಲು ತಿಂಗಳಷ್ಟೇ ಉಳಿದ ಬೇರೆ ಯಾರದೋ ಎಮ್ಮೆಯ ಹತ್ತಿರ ಹೋಗಿ ಅದರ ಪಕ್ಕೆಗೆ ಕೈಯಿಟ್ಟಳು. ಎಮ್ಮೆಯ ಒಡೆಯ ಬಾಯಿ ತೆರೆದು ನೋಡಿದ.

ಒಳಗಿನ ಕರು ಆಕೆಯ ಅಂಗೈಗೆ ಒದೆಯಿತು. ಎಂದಿನ ಹಾಗೆ, ಅಷ್ಟೇ ಸ್ಪಷ್ಟವಾಗಿ.

ಸುಂದ್ರವ್ವನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ತಿರುಗಿ ಬಂದು, ಎಲ್ಲರೆದುರು ಹೇಳಿದಳು: “ಗಬ್ಬ ಇಲ್ಲ. ಮೇವು ನೀರು ತುಂಬಿ ಹೊಟ್ಟಿ ಉಬ್ಬಿಸ್ಯಾರ.”

“ಏನ್ ಮಾತ ಅದು!” ಎಂದ ಮಾರುವವನು. ಸೋಮಶೇಖರ ಡಾಕ್ಟರನ್ನು ಕರೆಸುತ್ತೇನೆ ಎಂದು ಫೋನು ತೆಗೆದ. ಡಾಕ್ಟರ್ ಬರುವ ಜರೂರು ಬೀಳಲಿಲ್ಲ. ಮಾರುವವನು ಹಗ್ಗ ಬಿಚ್ಚಿಕೊಂಡು ಎಮ್ಮೆಯ ಜೋಡಿ ಸಂತೆಯ ಆಚೆ ನಡೆದ.

“ಮುಂದಿಂದ ನೋಡೂಣು ಬರ್ರಿ ಅಕ್ಕಾರ,” ಎಂದು ಸೋಮಶೇಖರ ಎರಡು ಸಾವಿರ ಕೈಗಿಟ್ಟ. ಆಕೆ ಬಲಗೈಯಲ್ಲೇ ಇಸಿದುಕೊಂಡಳು.

ಹಿಂದೆ ನಿಂತಿದ್ದ ಕಲ್ಲಪ್ಪ ಖಣವನ್ನು ಚೀಲದೊಳಕ್ಕೆ ತುರುಕುತ್ತ ಮೆಲ್ಲಗೆ ಹೇಳಿದ, “ರೊಕ್ಕ ಮುಟ್ಟಿದಿ ಸುಂದ್ರವ್ವ. ಅಪ್ಪ ಹೇಳಿದ್ದು ಮರ್ತಿ. ಇನ್ನ ಕೈಗುಣ ಹೋಗತೈತಿ ನೋಡ.”

“ಹೋದ್ರ ಹೋಗಲಿ ಅಂತನ ಮುಟ್ಟೇನಿ ಕಲ್ಲಪ್ಪಣ್ಣ,” ಎಂದಳು ಸುಂದ್ರವ್ವ. “ಏನ್ ಮಾಡ್ಲಿ, ಅದ ಹೋಗಾಕ ಒಲ್ಲದು.”