ಚಿಕ್ಕಪ್ಪನ ಗಾಡಿಯ ಬ್ರೇಕು

ತಿಗನಾರೆಯ ಲೋಕೇಶ್ವರಿ ಹೊಸೂರಿನ ಬ್ರೇಕ್ ಕಂಪನಿಯೊಂದರಲ್ಲಿ ಅಪ್ಲಿಕೇಷನ್ ಇಂಜಿನಿಯರ್. ಗಾಡಿ ತಯಾರಿಸುವವರು ಹೊಸ ಮಾದರಿ ತಂದರೆ, ಅದರ ತೂಕಕ್ಕೂ ವೇಗಕ್ಕೂ ಬ್ರೇಕು ಹೊಂದುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಹೋದ ವರ್ಷ ಸಣ್ಣ ಸರಕು ಗಾಡಿಯೊಂದರ ಪರೀಕ್ಷೆಗೆ ಇಳಿಜಾರು ಬೇಕಾದಾಗ ಅವಳೇ ತನ್ನೂರಿನಿಂದ ಕೆಳಗಿಳಿಯುವ ದಿಂಬಂ ಘಾಟಿಯ ಹೆಸರು ಹೇಳಿದಳು.

ನಿಗದಿತ ತೂಕದಲ್ಲಿ ಗಾಡಿ ಸಲೀಸಾಗಿ ಇಳಿಯಿತು. ಆದರೆ ಮಲೆಯ ಮೇಲಿನ ಊರುಗಳಲ್ಲಿ ಯಾರೂ ಅಷ್ಟೇ ಹೇರಿ ನಿಲ್ಲಿಸುವುದಿಲ್ಲ. ಅವಳು ಅರ್ಧ ಟನ್ ಹೆಚ್ಚು ಹೇರಿಸಿ ಮತ್ತೊಮ್ಮೆ ಇಳಿಸಿದಳು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಬ್ರೇಕಿನ ಪೆಡಲು ಒತ್ತಿದರೂ ಹಿಡಿಯದಷ್ಟು ಮೆತ್ತಗಾಗಿತ್ತು. ಬ್ರೇಕಿಗೆ ಇನ್ನೂ ದೊಡ್ಡ ಡಿಸ್ಕ್ ಬೇಕೆಂದು ವರದಿ ಬರೆದಳು.

"ಅಷ್ಟು ಹೇರಬಾರದು ಅಂತ ಗಾಡಿ ಕಂಪನಿಯವರ ಪುಸ್ತಕದಲ್ಲೇ ಇದೆ," ಎಂದರು ಮ್ಯಾನೇಜರ್ ಮೋಹನ್. "ಗಾಡಿ ಅವರದು. ನಾವು ಕೇಳಿದ್ದನ್ನು ಕೊಡೋರು."

ಇನ್ನೆರಡು ಸಲ ಬರೆದಳು. ಅದೇ ಉತ್ತರ ಬಂತು. ಗಾಡಿ ಹಾಗೆಯೇ ಮಾರಾಟಕ್ಕೆ ಬಂತು.

ಪೊಂಗಲ್‌ಗೆ ಊರಿಗೆ ಹೋದಾಗ ಚಿಕ್ಕಪ್ಪ ನಟರಾಜು ಅದೇ ಮಾದರಿಯ ಹೊಸ ಗಾಡಿಗೆ ಹಾರ ಹಾಕಿ ಮನೆಮುಂದೆ ನಿಲ್ಲಿಸಿದ್ದ.

"ನೀನ್ ಮಾಡಿರೋ ಬ್ರೇಕ್ ಅಂತಲ್ಲ, ಅದ್ಕೇ ಇದ್ನೇ ತಗಂಡೆ ಕಣವ್ವ."

"ಚಿಕ್ಕಪ್ಪ, ಜಾಸ್ತಿ ಲೋಡ್ ಆಕ್ಬ್ಯಾಡ. ನಾನೇ ಓಡ್ಸಿ ನೋಡಿವ್ನಿ, ಘಾಟೀಲಿ ಬ್ರೇಕು ಕಾದೋಯ್ತದೆ."

ನಟರಾಜು ಅವಳ ಮುಖವನ್ನೇ ನೋಡಿದ. "ಅಂಗಿದ್ರೆ ನೀನ್ಯಾಕ್ ಬುಟ್ಟೆ?"

ತಾನು ಬಿಡಲಿಲ್ಲ, ತನ್ನ ಮಾತನ್ನು ಯಾರೂ ಕೇಳಲಿಲ್ಲ ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು. ಇಡೀ ಊರಿಗೆ ಅವಳು ಇಂಜಿನಿಯರಮ್ಮ.

ಒಂದೂವರೆ ತಿಂಗಳ ಮೇಲೆ ನಟರಾಜು ಎಲೆಕೋಸು ತುಂಬಿಕೊಂಡು ಸತ್ಯಮಂಗಲಕ್ಕೆ ಹೊರಟಿದ್ದ. ಘಾಟಿಯಲ್ಲಿ ಬ್ರೇಕು ಹಿಡಿಯಲಿಲ್ಲ. ಕಂದಕಕ್ಕೆ ಬೀಳುವ ಬದಲು ಗುಡ್ಡದ ಕಡೆಗೆ ತಿರುಗಿಸಿ ಗುದ್ದಿಸಿದ. ಜೀವ ಉಳಿಯಿತು, ಎಡಗಾಲು ಮೂರು ಕಡೆ ಮುರಿಯಿತು.

ಆ ಗಾಡಿಯಿಂದ ಕಳಚಿ ತಂದ ಬ್ರೇಕು ಪರಿಶೀಲನೆಗೆ ಲೋಕೇಶ್ವರಿಯ ಮೇಜಿಗೇ ಬಂತು. ಡಿಸ್ಕ್ ಕಾದು ನೀಲಿಗಟ್ಟಿತ್ತು. ಗಾಡಿ ಚಿಕ್ಕಪ್ಪನದು, ಬೇರೆಯವರು ನೋಡಲಿ ಎಂದಳು. ಆ ಮಾದರಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ತನ್ನ ಹಳೆಯ ವರದಿಯನ್ನು ಕಡತದ ಜೊತೆಗಿಟ್ಟಳು. ಮೋಹನ್ ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು. ತಯಾರಿಕೆಯಲ್ಲಿ ದೋಷವಿಲ್ಲ, ಕಾರಣ ಅತಿಭಾರ ಎಂದು ಬರೆದು ಸಹಿ ಹಾಕಿದಳು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಭಾನುವಾರ ಆಸ್ಪತ್ರೆಗೆ ಹೋಗಿ, ತಾನೇನು ಬರೆದೆನೆಂದು ಚಿಕ್ಕಪ್ಪನಿಗೆ ಹೇಳಿದಳು.

"ಸರಿಯಾಗೇ ಬರ್ದಿದ್ದಯ್ ಬುಡವ್ವ," ಎಂದ ನಟರಾಜು. "ಜಾಸ್ತಿ ಆಕಿದ್ದು ನಾನೇ ತಾನೆ."

ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.