ಹಳೇ ಕ್ಯಾಮೆರಾದಲ್ಲಿ ಉಳಿದ ಐದು ಧಾರೆ ಫೋಟೋ

೨೦೨೩ರ ಬೇಸಿಗೆ. ಮದ್ದೂರಿನಲ್ಲಿ ನನ್ನ ಫೋಟೋ ಸ್ಟುಡಿಯೋ ಶುರುವಾಗಿ ಆಗ ಹದಿನೆಂಟು ವರ್ಷ. ನಾನು ಓದಿದ್ದು ಏಳನೇ ಕ್ಲಾಸು. ಮಂಡ್ಯದ ಒಂದು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಾ ಕೆಲಸ ಕಲಿತವನು. ಯಾರೂ ಕೈಹಿಡಿದು ಮೇಲೆತ್ತಲಿಲ್ಲ. ಹಾಗಾಗಿ ನನ್ನ ಕೆಲಸದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಇವತ್ತಿಗೂ ಮೈ ಉರಿಯುತ್ತದೆ.

ಹೆಚ್ಚು ಉರಿಸುವ ಮಾತು ಒಂದೇ: "ಇನ್ನೂ ಇದೇ ಕ್ಯಾಮೆರಾನಾ?" ೨೦೦೮ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಡಿಜಿಟಲ್ ಕ್ಯಾಮೆರಾ ಅದು. ಹತ್ತು ಮೆಗಾಪಿಕ್ಸೆಲ್. ಈಗ ಫೋನುಗಳಲ್ಲೇ ಅದರ ಐದು ಪಟ್ಟು ಇರುತ್ತದೆ. ಹಿಡಿಯುವ ಕಡೆಯ ರಬ್ಬರ್ ಎರಡು ಸಲ ಕಿತ್ತುಬಂದು ಅಂಟು ಹಾಕಿಸಿಕೊಂಡಿದೆ. ಬೆಳಕು ಕಡಿಮೆಯಾದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿ. ನಾಲ್ಕೈದು ಸಲ ಒತ್ತಿದರೆ ಸುಸ್ತಾಗಿ ನಿಲ್ಲುತ್ತದೆ. ಆದರೂ ಅದನ್ನು ಬಿಟ್ಟಿಲ್ಲ. ಅದರೊಳಗೆ ಬೆಳಕು ಹಿಡಿಯುವ ತಟ್ಟೆ ಹಳೇ ಕಾಲದ ಸಿಸಿಡಿ ಜಾತಿಯದು, ಈಗಿನ ಕ್ಯಾಮೆರಾಗಳಲ್ಲಿ ಬರುವುದು ಬೇರೆ. ಹೊತ್ತೇರಿದ ಮೇಲೆ ಚಪ್ಪರದ ಕೆಳಗೆ ಹೆಣ್ಣಿನ ಕೆನ್ನೆಗೆ ಹಚ್ಚಿದ ಅರಿಶಿನ ಅದರಲ್ಲಿ ಅರಿಶಿನವಾಗೇ ಬೀಳುತ್ತದೆ. ಅದರ ಶಟರ್ ಸದ್ದು ಮರದ ಪೆಟ್ಟಿಗೆ ಮುಚ್ಚಿದಂತೆ. ಭಾನುವಾರ ಕೆಲಸವಿಲ್ಲದಿದ್ದರೆ ಕೊತ್ತತ್ತಿ ಕಡೆಯ ನಾಲೆ ಏರಿಯ ಮೇಲೆ ಅದೊಂದನ್ನೇ ಹಿಡಿದು ಸುತ್ತುತ್ತೇನೆ. ಅಷ್ಟು ಖುಷಿ ನನಗೆ ಬೇರೆ ಯಾವ ಸಾಮಾನೂ ಕೊಟ್ಟಿಲ್ಲ.

ಆ ಬೇಸಿಗೆಯಲ್ಲಿ ಬಂದ ಮದುವೆ ಚೈತ್ರಾಳದು. ಅವಳ ತಾಯಿ ಮಂಜುಳಮ್ಮ ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ದಿನವೂ ಮದ್ದೂರಿನಿಂದ ಬಸ್ಸಿನಲ್ಲಿ ಹೋಗಿಬರುವ ಹೆಂಗಸು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಗಳನ್ನು ಡಿಗ್ರಿವರೆಗೆ ಓದಿಸಿದ್ದು ಆಕೆಯೇ. ಆದರೆ ಮದುವೆ ನಿಶ್ಚಯವಾದ ಕೂಡಲೇ ಯಜಮಾನಿಕೆ ಗಂಡನ ತಮ್ಮ ಶಿವಣ್ಣನ ಕೈಗೆ ಹೋಯಿತು. ಶಿವಣ್ಣ ಕಿರುಗಾವಲಿನವನು. ಮಳವಳ್ಳಿಯಲ್ಲಿ ಮದುವೆ ಛತ್ರ ಗೊತ್ತುಮಾಡಿದವನೂ ಅವನೇ, ನನ್ನ ಅಂಗಡಿಗೆ ಬಂದು ಷರತ್ತು ಹಾಕಿದವನೂ ಅವನೇ.

"ಇದೇನಪ್ಪ, ಈ ಡಬ್ಬ ಇಟ್ಕಂಡು ಮದ್ವೆ ತೆಗೀತೀಯಾ? ನಮ್ಮೂರ್ ಐಕ್ಳು ಫೋನಲ್ಲೇ ಇದಕ್ಕಿಂತ ಚೆಂದಾಗ್ ತೆಗೀತವೆ. ಒಸಾದು ತಕಬಂದ್ರೆ ಬಾ. ಇಲ್ದಿದ್ರೆ ಬುಡು, ಮೈಸೂರವ್ರನ್ನ ಕರಿಸ್ತೀನಿ."

ಸಿಟ್ಟು ಬಂತು, ನುಂಗಿಕೊಂಡೆ. ಮಂಜುಳಮ್ಮ ನನ್ನ ಮೇಲೆ ನಂಬಿಕೆಯಿಟ್ಟು ಮೈದುನನನ್ನು ಕಳಿಸಿದ್ದಳು. ಮಂಡ್ಯದಲ್ಲಿ ಬಾಡಿಗೆಗೆ ಕ್ಯಾಮೆರಾ ಕೊಡುವವನಿಂದ ಹೊಚ್ಚಹೊಸ ಮಿರರ್‌ಲೆಸ್ ತಂದೆ. ಒಳಗೆ ಕನ್ನಡಿಯಿಲ್ಲದೆ, ಸದ್ದೂ ಮಾಡದೆ ತೆಗೆಯುವ ಕ್ಯಾಮೆರಾ. ಹಳೇದನ್ನೂ ಹೆಗಲಿಗೆ ಹಾಕಿಕೊಂಡೆ. ಅದಿಲ್ಲದೆ ಛತ್ರದ ಬಾಗಿಲು ದಾಟಿದ ದಿನ ನನಗೆ ನೆನಪಿಲ್ಲ.

ಹಿಂದಿನ ಸಂಜೆಯ ರಿಸೆಪ್ಷನ್ ಚೆನ್ನಾಗಿ ನಡೆಯಿತು. ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಛತ್ರದ ರೂಮಿನಲ್ಲೇ ಮಲಗಿದೆ. ಬೆಳಿಗ್ಗೆ ಮುಹೂರ್ತ. ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತಿಕೊಂಡು ಮಂಟಪಕ್ಕೆ ಹೋದೆ. ತಾಳಿ ಕಟ್ಟುವುದನ್ನು ಹತ್ತಿರದಿಂದ ತೆಗೆದೆ. ಒತ್ತಿದಾಗಲೆಲ್ಲ ಪರದೆಯ ಮೇಲೆ ಚಿತ್ರ ಮೂಡಿ ಮರೆಯಾಗುತ್ತಿತ್ತು. ಮೂಲೆಯಲ್ಲಿ ಏನೋ ಸಣ್ಣ ಇಂಗ್ಲಿಷ್ ಅಕ್ಷರ ಮಿನುಗುತ್ತಿತ್ತು. ಹೊಸ ಕ್ಯಾಮೆರಾದಲ್ಲಿ ಮೂಲೆಮೂಲೆಗೂ ಏನಾದರೊಂದು ಮಿನುಗುತ್ತದೆ ಎಂದುಕೊಂಡು ಓದುವ ಗೋಜಿಗೆ ಹೋಗಲಿಲ್ಲ.

ತಾಳಿಯಾದ ಮೇಲೆ ಧಾರೆ. ಹೆಣ್ಣು, ಗಂಡು ಇಬ್ಬರ ಕೈಯಲ್ಲೂ ತೆಂಗಿನಕಾಯಿ ಇಟ್ಟು ಹಾಲು ಎರೆಯುವ ಹೊತ್ತು. ತಾಯಿ ತಂದೆಯ ಜಾಗದಲ್ಲಿ ಶಿವಣ್ಣ ಮತ್ತು ಅವನ ಹೆಂಡತಿ ನಿಂತಿದ್ದರು. ಮಂಜುಳಮ್ಮ ಮಂಟಪದ ಪಕ್ಕದ ಕಂಬದ ಹತ್ತಿರ ನಿಂತಿದ್ದಳು. ಶಿವಣ್ಣ ನನ್ನ ಕಿವಿಯ ಹತ್ತಿರ ಬಾಗಿದ.

"ನೋಡ್ಲಾ, ನಮ್ಮತ್ಗೆ ಇತ್ಲಾಗ್ ಬಂದ್ರೆ ತೆಗೀಬ್ಯಾಡ. ಗಂಡ ಸತ್ತೋಳು ಧಾರೆ ಫೋಟೋಲಿ ಬೀಳ್ಬಾರ್ದು."

ಈ ಮಾತು ನನಗೆ ಹೊಸದಾಗಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ನಮ್ಮ ಕಡೆಯ ಮದುವೆಗಳಲ್ಲಿ ಫೋಟೋದವನಿಗೆ ಯಾರಾದರೊಬ್ಬರು ಹೀಗೆ ಕಿವಿಯಲ್ಲಿ ಹೇಳುತ್ತಾರೆ. ಎಷ್ಟೋ ವರ್ಷ ನಾನು ತಲೆಯಾಡಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದೇನೆ. ಎಷ್ಟು ತಾಯಂದಿರು ನನ್ನ ಆಲ್ಬಮ್ಮುಗಳಿಂದ ಹಾಗೆ ಹೊರಗುಳಿದರೋ ಲೆಕ್ಕವಿಟ್ಟಿಲ್ಲ. ಅವತ್ತು ಮಾತ್ರ ಮನಸ್ಸು ತಡೆಯಲಿಲ್ಲ. ಗಾರ್ಮೆಂಟ್ಸ್ ಬಸ್ಸಿಗೆ ಓಡುವ ಆ ಹೆಂಗಸನ್ನು ಹನ್ನೊಂದು ವರ್ಷ ನನ್ನ ಅಂಗಡಿ ಬಾಗಿಲಿಂದಲೇ ನೋಡಿದ್ದೆ. ಹೊಸ ಕ್ಯಾಮೆರಾವನ್ನು ಬೆನ್ನಿಗೆ ಸರಿಸಿ ಮಂಟಪ ಇಳಿದೆ. ಕಂಬದ ಹತ್ತಿರ ಅವಳ ಹಿಂದೆ ಹೋಗಿ ನಿಂತೆ.

"ಮುಂದಕ್ಕೆ ಹೋಗಿ ಕಣಮ್ಮ," ಅಂದೆ.

"ಇಲ್ಲೇ ನಿತ್ಕತೀನಿ ಬುಡಣ್ಣ. ಇಲ್ಲಿಂದ್ಲೂ ಕಾಣ್ತದೆ," ಅಂದಳು, ಕಣ್ಣು ಮಗಳ ಮೇಲಿಂದ ತೆಗೆಯದೆ.

ಹಳೇ ಕ್ಯಾಮೆರಾ ಎತ್ತಿ ಐದು ಸಲ ಒತ್ತಿದೆ. ಐದಕ್ಕೆ ಅದು ಸುಸ್ತಾಗಿ ನಿಂತಿತು. ಅಷ್ಟರಲ್ಲಿ ಹಾಲು ಎರೆಯಲು ನೆಂಟರ ಸಾಲು ಮಂಟಪ ಮುಚ್ಚಿಕೊಂಡಿತು.

ಆ ಸಾಲು ಕರಗಿದ ಮೇಲೆ, ಮೆಮೊರಿ ಕಾರ್ಡ್ ಬದಲಿಸೋಣವೆಂದು ಹೊಸ ಕ್ಯಾಮೆರಾದ ಕಾರ್ಡ್ ಬಾಗಿಲು ತೆಗೆದೆ. ಒಳಗೆ ಕಾರ್ಡೇ ಇರಲಿಲ್ಲ. ಅದು ರೂಮಿನಲ್ಲಿ, ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಸಿಕ್ಕಿಕೊಂಡಿತ್ತು. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಇಂಥ ಕ್ಯಾಮೆರಾಗಳಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ: ಕಾರ್ಡ್ ಇಲ್ಲದಿದ್ದರೂ ಕ್ಲಿಕ್ ಆಗುತ್ತದೆ, ಚಿತ್ರ ಕಾಣುತ್ತದೆ, ಎಲ್ಲೂ ಉಳಿಯುವುದಿಲ್ಲ. ಬಾಡಿಗೆಯವನು ಅದನ್ನು ಹಾಗೇ ಬಿಟ್ಟಿದ್ದ. ಮೂಲೆಯಲ್ಲಿ ಮಿನುಗಿದ ಅಕ್ಷರ ಅದನ್ನೇ ಹೇಳುತ್ತಿತ್ತು. ತಾಳಿ ಕಟ್ಟಿದ ಒಂದು ಫೋಟೋ ಕೂಡ ಇರಲಿಲ್ಲ. ತಪ್ಪನ್ನು ಕ್ಯಾಮೆರಾದ ತಲೆಗೆ ಕಟ್ಟಲಾರೆ. ಕೈಗೆ ತಕ್ಕೊಂಡ ಸಾಮಾನನ್ನು ಪರೀಕ್ಷೆ ಮಾಡದೆ ಮುಹೂರ್ತಕ್ಕೆ ಹೋದವನು ನಾನು. ಕಾರ್ಡ್ ತಂದು ಹಾಕಿ ಉಳಿದ ಕೆಲಸ ಮುಗಿಸಿದೆ, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆ ಹೇಡಿತನ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಹತ್ತು ದಿನದ ಮೇಲೆ ಆಲ್ಬಮ್ಮಿಗೆ ಫೋಟೋ ಆರಿಸಲು ಶಿವಣ್ಣ ಒಬ್ಬನೇ ಬಂದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಾಳಿಯದು ಹೋಯಿತು, ಧಾರೆಯದು ಐದಿದೆ ಎಂದು ಕಂಪ್ಯೂಟರಿನಲ್ಲಿ ತೋರಿಸಿದೆ. ಐದರಲ್ಲೂ ಎಡಗಡೆ, ಎಲ್ಲರಿಗಿಂತ ಮುಂದೆ, ಮಂಜುಳಮ್ಮನ ಕೆನ್ನೆ, ಕಿವಿ, ಸೆರಗು ಹಿಡಿದ ಕೈ. ಅವಳಾಚೆಗೆ ಬೆಳಕಿನಲ್ಲಿ ಮಗಳು, ಕೈಮೇಲೆ ಇಳಿಯುವ ಹಾಲು. ಮೂರರಲ್ಲಿ ಶಿವಣ್ಣನ ಮುಖ ಪೂರಾ ಅತ್ತಿಗೆಯ ತಲೆಯ ಹಿಂದೆ ಹೋಗಿತ್ತು. ಬರೀ ಅವನ ಕೈಯ ಚೊಂಬು ಕಾಣುತ್ತಿತ್ತು.

ಅವನು ಬೈದ. ಬೈಸಿಕೊಂಡೆ, ಬೈಸಿಕೊಳ್ಳುವಂಥ ಕೆಲಸವನ್ನೇ ಮಾಡಿದ್ದೆ. ಆಮೇಲೆ ದನಿ ತಗ್ಗಿಸಿ ಕುರ್ಚಿ ಹತ್ತಿರಕ್ಕೆಳೆದುಕೊಂಡ.

"ಓಗ್ಲಿ ಬುಡು, ಆಗಿದ್ದು ಆಗೋಯ್ತು. ಒಂದ್ ಕೆಲ್ಸ ಮಾಡು. ಅತ್ಗೇನ ಅಳಿಸ್ಬುಡು. ಕಂಪ್ಯೂಟ್ರಲ್ಲಿ ಎಲ್ಲಾ ಆಯ್ತದಂತಲ್ಲ. ನೀನ್ ತಾಳಿ ಫೋಟೋ ಕಳ್ದಿದ್ದ ನಾನ್ ಯಾರ್ಗೂ ಯೋಳಕಿಲ್ಲ. ಮಿಸನ್ನೇ ಕೆಟ್ಟೋಯ್ತು ಅನ್ನಾನ."

"ಅಳಿಸಲ್ಲ ಅಂದ್ರೆ?"

"ಮದ್ದೂರಿಂದ ಮಳವಳ್ಳಿಗಂಟ ಒಬ್ರೂ ನಿನ್ ಅಂಗ್ಡಿ ಮೆಟ್ಲು ತುಳಿಯಕಿಲ್ಲ. ಅಂಗ್ ಮಾಡ್ತೀನಿ ಕಣ್ಲಾ."

ಅಳಿಸುವುದು ನನಗೆ ಗೊತ್ತಿತ್ತು. ಕರೆಂಟ್ ವೈರು, ಎಲೆಅಡಿಕೆ ಉಗಿದ ಗೋಡೆ, ಹಿಂದೆ ಆಕಳಿಸುವ ಭಟ್ಟರ ಬಾಯಿ, ಎಲ್ಲ ಅಳಿಸಿದ್ದೇನೆ. ಅರ್ಧ ಗಂಟೆಯ ಕೆಲಸ. ಅರ್ಧ ಗಂಟೆ ಕೂತರೆ ಹದಿನೆಂಟು ವರ್ಷದ ಹೆಸರು ಉಳಿಯುತ್ತಿತ್ತು. ನಿಜ ಹೇಳಬೇಕೆಂದರೆ ಕೈ ಮೌಸಿನ ಮೇಲೆ ಹೋಗಿತ್ತು. ಆಗ ಅವನು ಅಂದ: "ಯೋಚ್ನೆ ಏನ್ಲಾ? ಆವಮ್ಮ ಏನ್ ಕ್ಯೋಳಾಕ್ ಬತ್ತಾಳಾ?"

ನನ್ನ ಕೈ ಹಿಂದಕ್ಕೆ ಬಂತು. "ಶಿವಣ್ಣ, ಆವಮ್ಮ ಕೇಳಕ್ಕೆ ಬರಲ್ಲ. ಅದಕ್ಕೇ ನಾನೇ ಹೋಗಿ ಹೇಳ್ತೀನಿ. ಎದ್ದೇಳಪ್ಪ ನೀನು," ಅಂದೆ. ಅವನು ಕುರ್ಚಿ ಒದ್ದು ಹೋದ.

ಅವನ ಬೈಕಿನ ಸದ್ದು ಅಡಗುವ ಮೊದಲೇ ಚೈತ್ರಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಹುಡುಗಿಯೂ ನನ್ನನ್ನು ಬಿಡಲಿಲ್ಲ.

"ತಾಳಿ ಕಟ್ಟಿದ್ದು ಒಂದೂ ಇಲ್ವಾ? ಮತ್ತೆ ಅಲ್ಲಿ ನಿಂತ್ಕೊಂಡು ಏನ್ ಮಾಡ್ತಿದ್ರಿ, ಮಣ್ಣು ಮುಕ್ತಿದ್ರಾ?"

ಮಾರನೇ ದಿನ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಮುಖ ಗಂಟು. ಐದೂ ಫೋಟೋ ಒಂದೊಂದಾಗಿ ತೆರೆದೆ. ಮಂಜುಳಮ್ಮ ಪರದೆಗೆ ಮುಖ ತಾಗುವಷ್ಟು ಬಗ್ಗಿ ನೋಡಿದಳು.

"ಅಯ್ಯೋ, ಸೆರಗಾದ್ರೂ ಸರಿ ಮಾಡ್ಕತಿದ್ದೆ. ಯೋಳ್ಬಾರ್ದಾಗಿತ್ತಾ ಅಣ್ಣ?" ಅಂದಳು. ಆಮೇಲೆ ಮಗಳ ಕಡೆ ತಿರುಗಿ, "ನಾನಿರೋದು ಬ್ಯಾಡ ಕಣವ್ವ. ನಿಮ್ ಚಿಕ್ಕಪ್ಪ ಸುಮ್ನೆ ಕೂಗಾಡ್ತಾನೆ," ಅಂದಳು.

ಚೈತ್ರಾ ಪರದೆಯ ಮೇಲಿದ್ದ ಫೋಟೋಗೆ ಬೆರಳಿಟ್ಟಳು. ನನಗೆ ಹೇಳಿದಳು: "ಇದನ್ನ ಮೊದಲ್ನೇ ಪೇಜಿಗೆ ಹಾಕಿ. ಎರಡೂ ಪುಟ ತುಂಬೋ ಹಂಗೆ. ತಾಳಿ ಫೋಟೋ ಕಳೆದಿದ್ದಕ್ಕೆ ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ, ಅದು ಬೇರೆ."

ಹಾಗೇ ಮಾಡಿದೆ. ಶಿವಣ್ಣನೂ ಹೇಳಿದ ಹಾಗೆ ಮಾಡಿದ. ಆ ವರ್ಷ ಮಳವಳ್ಳಿ ಕಡೆಯಿಂದ ನನಗೆ ಒಂದೂ ಮದುವೆ ಬರಲಿಲ್ಲ. "ತಾಳಿ ಕಳೆದ ಫೋಟೋದವನು" ಅಂತ ಟೀ ಅಂಗಡಿಯಲ್ಲಿ ನನ್ನೆದುರೇ ಅಂದರು. ಅಂದದ್ದು ಸುಳ್ಳಲ್ಲ, ಆದ್ದರಿಂದ ಜಗಳಕ್ಕೆ ಹೋಗಲಿಲ್ಲ. ಆದರೆ ಅಷ್ಟು ಬಾಯಿಗಳಲ್ಲಿ ಒಂದಾದರೂ, ಹೆತ್ತ ತಾಯಿಯನ್ನು ಅಳಿಸು ಅಂದವನ ಬಗ್ಗೆ ಮಾತೆತ್ತಲಿಲ್ಲವಲ್ಲ, ಆ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ಈಗ ಮುಹೂರ್ತಕ್ಕೆ ಮೊದಲು ಕಾರ್ಡ್ ಬಾಗಿಲನ್ನು ಮೂರು ಸಲ ತೆಗೆದು ನೋಡುತ್ತೇನೆ. ಮದುವೆ ಒಪ್ಪಿಕೊಳ್ಳುವಾಗಲೇ ಎರಡು ಮಾತು ಹೇಳಿಬಿಡುತ್ತೇನೆ: ನನ್ನ ಕ್ಯಾಮೆರಾ ಹಳೇದು, ಮತ್ತು ಧಾರೆಯ ಹೊತ್ತಿಗೆ ಹೆಣ್ಣಿನ ತಾಯಿ ಎಲ್ಲಿ ನಿಂತಿರುತ್ತಾಳೋ ನಾನು ಅಲ್ಲಿಗೆ ಹೋಗಿ ತೆಗೆಯುತ್ತೇನೆ. ಮೊದಲನೇದಕ್ಕೆ ನಗುವವರು ಬಹಳ. ಎರಡನೇದಕ್ಕೆ ಎದ್ದು ಹೋಗುವವರೂ ಇದ್ದಾರೆ. ಹೋಗಲಿ. ಕಣ್ಣೆದುರು ನಿಂತವರನ್ನು ಬಿಟ್ಟು ತೆಗೆಯಿರಿ ಅನ್ನುವವರ ಮದುವೆ ನನಗೆ ಬೇಡ ಎಂದು ಹೇಳುವುದನ್ನು ಕಲಿಯಲು ನನಗೆ ಹದಿನೆಂಟು ವರ್ಷ ಹಿಡಿಯಿತು.