ಎರಡು ಕಂಪ್ಯೂಟರಿಗೂ ಒಂದೇ ಕೆಲಸ

ಗೆಳೆಯರೇ, ನಾನು ಲೆಕ್ಕ ಬರೆಯುವ ರೈಟರ್ ಆಗಿರುವ ಬಣಕಲ್ ಕಾಫಿ ಎಸ್ಟೇಟಿಗೆ ಇವತ್ತು ಅಂಗಡಿಯವರು ಹೊಸ ಕಂಪ್ಯೂಟರ್ ತಂದರು. "ನಿಮ್ದಕ್ಕಿಂತ ಹತ್ತು ಪಟ್ಟು ಸ್ಪೀಡು" ಎಂದರು. ಒಣಗುವ ಕಾಫಿಗೆ ಮುಚ್ಚುವ ಟಾರ್ಪಾಲಿನ್ ಬಿಟ್ಟು ಇದನ್ನೇ ಕೊಳ್ಳಲು ಮಾಲೀಕರು ಹೊರಟರು.

ನಾನು ಬಿಡಲಿಲ್ಲ. "ಎರಡಕ್ಕೂ ಒಂದೇ ಕೆಲಸ ಕೊಟ್ಟು ನೋಡೋಣ" ಎಂದು ಹಳೆಯದನ್ನು ಬಿಚ್ಚಿದೆ. ಒಳಗೆ ಪಾರ್ಚ್‌ಮೆಂಟ್ ಕಾಫಿಯ ಹೊಟ್ಟು ತುಂಬಿ ಫ್ಯಾನೇ ನಿಂತಿತ್ತು. ಮೇಸ್ತ್ರಿ ಇಬ್ರಾಹಿಂ ಕಣದ ಕಸ ಊದುವ ಬ್ಲೋವರ್ ತಂದು ಊದಿದರು.

"ಸ್ನಾನ ಮಾಡ್ಸಿ ಓಡ್ಸೋದು ಮೋಸ ಮಾರಾಯ್ರೆ!" ಅಂಗಡಿಯವರು ಕೂಗಿದರು.

"ನಿಮ್ದು ಮದುಮಗನ ಹಂಗೆ ಬಂದಿದೆ. ನಮ್ದು ಮುಖನಾದ್ರೂ ತೊಳ್ಕೊಳ್ಲಿ ಬಿಡಿ" ಎಂದರು ಇಬ್ರಾಹಿಂ.

ಎರಡರಲ್ಲೂ ಒಂದೇ ಕುಯ್ಲಿನ ಲೆಕ್ಕದ ಫೈಲನ್ನು ಮೂರು ಸಲ ತೆರೆದೆವು. ಹೊಸದೇ ಗೆದ್ದಿತು, ಬರೀ ನಾಲ್ಕು ಸೆಕೆಂಡಿನಿಂದ.

"ಅಷ್ಟ್ರಲ್ಲಿ ನಂಗೆ ಕನ್ನಡಕಾನೂ ಸಿಗಲ್ಲ" ಎಂದ ಮಾಲೀಕರು ತಕ್ಷಣ ಟಾರ್ಪಾಲಿನ್ ತರಿಸಲು ಫೋನ್ ಮಾಡಿದರು. ಇವತ್ತು ಆಫೀಸಿನಲ್ಲಿ ಎಲ್ಲಕ್ಕಿಂತ ಬೇಗ ಆದ ಕೆಲಸ ಅದೇ.